ಹಲಗೆಯ ಹಾಡು

ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಜಾತಿಯ ಪಾತ್ರೆಗಳಿರುತ್ತವೆ. ಒಂದು, ಬೀರುವಿನ ಗಾಜಿನ ಹಿಂದೆ ಕುಳಿತು ಬಂದವರಿಗೆಲ್ಲ ದರ್ಶನ ಕೊಡುವ ಬೆಳ್ಳಿಯ ತಟ್ಟೆ, ಪನ್ನೀರುದಾನಿ ಇತ್ಯಾದಿ. ಇನ್ನೊಂದು, ಹೊಗೆ ಹಿಡಿದು ಕಪ್ಪಾಗಿ, ಹಿಡಿ ಸಡಿಲವಾಗಿ, ಆದರೂ ದಿನ ಬೆಳಗಾದರೆ ಒಲೆಯ ಮೇಲೇರುವ ಕಾವಲಿ. ಮನೆಯ ಆಸ್ತಿಯ ಪಟ್ಟಿ ಬರೆಯುವಾಗ ಮೊದಲನೆಯದರ ಹೆಸರು ಬರುತ್ತದೆ. ಎರಡನೆಯದರ ಹೆಸರು ಯಾರಿಗೂ ನೆನಪಾಗುವುದಿಲ್ಲ. ಆದರೆ ಮನೆಮಂದಿಯ ಹೊಟ್ಟೆ ತುಂಬಿಸಿದ್ದು ಯಾವುದು ಎಂದು ಕೇಳಿದರೆ ಉತ್ತರ ಹೇಳಲು ಯೋಚಿಸಬೇಕಾಗಿಲ್ಲ.

ವಾದ್ಯಗಳ ಪ್ರಪಂಚದಲ್ಲಿಯೂ ಈ ಜಾತಿಭೇದವುಂಟು. ಇಂದು ನಾನು ಹೇಳಹೊರಟಿರುವುದು ವಿದ್ಯುತ್ ಗಿಟಾರನ್ನು ಕುರಿತು. ಅದರಲ್ಲಿಯೂ ಅಮೆರಿಕಾ ದೇಶದಲ್ಲಿ 1950 ಮತ್ತು 60ರ ದಶಕಗಳಲ್ಲಿ ತಯಾರಾದ, ನೋಡಲು ಹಲಗೆಯ ತುಂಡಿನಂತಿರುವ, ಕಲಿಯುವ ಹುಡುಗರಿಗೆಂದೇ ಅಗ್ಗವಾಗಿ ಮಾರಲ್ಪಟ್ಟ ಕೆಲವು ಗಿಟಾರುಗಳನ್ನು ಕುರಿತು. ಕನ್ನಡದ ಪಾಠ ಹೇಳುವವನಿಗೆ ಗಿಟಾರಿನ ಉಸಾಬರಿ ಏಕೆ ಎಂದು ವಾಚಕರು ಹುಬ್ಬೇರಿಸಬಹುದು. ಪಂಪ ರನ್ನರ ಪಾಠಕ್ಕೆ ಬಂದು ಕೂರುವ ಹುಡುಗರಲ್ಲಿ ನಾಲ್ಕಾರು ಮಂದಿಯ ಬೆನ್ನಿನ ಮೇಲೆ ಗಿಟಾರಿನ ಚೀಲ ತೂಗುತ್ತಿರುವಾಗ, ಅದು ನನ್ನ ವಿಷಯವಲ್ಲವೆಂದು ಕಣ್ಣು ಮುಚ್ಚಿಕೊಳ್ಳುವುದು ಅಧ್ಯಾಪಕನಿಗೆ ಸಾಧ್ಯವಿಲ್ಲ. ಅಲ್ಲದೆ, ಸರಳವಾದದ್ದನ್ನು ಕೀಳೆಂದು ತಿಳಿಯುವ ರೋಗ ಗಿಟಾರಿಗೆ ಮಾತ್ರ ತಗುಲಿದ್ದಲ್ಲ, ಭಾಷೆಗೂ ತಗುಲಿದೆ.

ಮೊದಲು ವಿದ್ಯುತ್ ಗಿಟಾರು ಏಕೆ ಹುಟ್ಟಿತೆಂಬುದನ್ನು ನೋಡೋಣ. ಹುಟ್ಟಿದ್ದು ಶೋಕಿಗಾಗಿ ಅಲ್ಲ. ಕೇಳಿಸಲಿ ಎಂಬ ಒಂದೇ ಒಂದು ಆಸೆಯಿಂದ. ನಮ್ಮ ಮೈಸೂರಿನ ಪಿಟೀಲು ಚೌಡಯ್ಯನವರಿಗೂ ಈ ಚಿಂತೆಯೇ ಕಾಡಿತ್ತು. ಮೈಕುಗಳು ಮನೆಮಾತಾಗದಿದ್ದ ಕಾಲದಲ್ಲಿ, ಸಭೆಯ ಕಟ್ಟಕಡೆಯ ಸಾಲಿನಲ್ಲಿ ಕುಳಿತವನಿಗೂ ನಾದ ತಲುಪಲೆಂದು ಅವರು ನಾಲ್ಕು ತಂತಿಯ ಪಿಟೀಲಿಗೆ ಮತ್ತೆ ಮೂರು ತಂತಿಗಳನ್ನು ಕೂಡಿಸಿ ಏಳು ತಂತಿಯ ಪಿಟೀಲನ್ನು ನುಡಿಸಿದರು. ಅದೇ ಕಾಲದಲ್ಲಿ ಅಮೆರಿಕಾದ ಗಿಟಾರು ವಾದಕರಿಗೂ ಅದೇ ಸಂಕಟ. ತುತ್ತೂರಿ, ನಗಾರಿಗಳ ಅಬ್ಬರದ ನಡುವೆ ಪಾಪದ ಗಿಟಾರಿನ ದನಿ ಯಾರಿಗೆ ಕೇಳಬೇಕು? ಅವರು ತಂತಿಯನ್ನು ಹೆಚ್ಚಿಸಲಿಲ್ಲ, ವಿದ್ಯುಚ್ಛಕ್ತಿಯನ್ನು ಕರೆದರು. 1931ರಲ್ಲಿ ಜಾರ್ಜ್ ಬೋಷಾಂ ಎಂಬ ಹವಾಯನ್ ಗಿಟಾರಿನ ವಾದಕ ಕುದುರೆ ಲಾಳದಾಕಾರದ ಅಯಸ್ಕಾಂತಗಳ ನಡುವೆ ತಂತಿಗಳನ್ನು ಹಾಯಿಸಿ ಒಂದು ವಾದ್ಯದ ಮಾದರಿಯನ್ನು ಸಿದ್ಧಪಡಿಸಿದ. ಮರುವರ್ಷ ಅದು ಅಲ್ಯುಮಿನಿಯಂ ಎರಕದಲ್ಲಿ ತಯಾರಾಗಿ ಮಾರಾಟಕ್ಕೆ ಬಂತು. ದುಂಡನೆಯ ಪುಟ್ಟ ಮೈ, ಉದ್ದನೆಯ ಕತ್ತು. ಜನ ಅದನ್ನು ಕಂಡೊಡನೆ ‘ಕಾವಲಿ’ ಎಂದು ಅಡ್ಡಹೆಸರಿಟ್ಟರು. ಹೀಗೆ ವಿದ್ಯುತ್ ಗಿಟಾರಿನ ವಂಶವೃಕ್ಷದ ಮೂಲಪುರುಷನೇ ಅಡಿಗೆಮನೆಯ ಹೆಸರನ್ನು ಹೊತ್ತು ಬಂದವನು!

ಇದರ ಒಳಗುಟ್ಟು ಬಹು ಸುಲಭ. ಅಯಸ್ಕಾಂತದ ಸುತ್ತ ಕೂದಲೆಳೆಯಂತಹ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದರೆ ‘ಪಿಕಪ್’ ಎಂಬ ಭಾಗ ಸಿದ್ಧವಾಯಿತು. ಅದರ ಮೇಲೆ ಉಕ್ಕಿನ ತಂತಿ ಮಿಡಿದಾಗ ಕಾಂತಕ್ಷೇತ್ರ ಕದಡುತ್ತದೆ. ಕದಡಿದಾಗ ತಾಮ್ರದ ಸುರುಳಿಯಲ್ಲಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದ ತತ್ತ್ವವೇ ಇದು. ಆ ಸಣ್ಣ ವಿದ್ಯುತ್ತನ್ನು ಆಂಪ್ಲಿಫಯರು ದೊಡ್ಡದು ಮಾಡಿ ಧ್ವನಿಪೆಟ್ಟಿಗೆಗೆ ಒಪ್ಪಿಸುತ್ತದೆ. ಯೋಚಿಸಿ ನೋಡಿ: ವೀಣೆಗೆ ಕೊಡ ಬೇಕು, ತಂಬೂರಿಗೆ ಬುರುಡೆ ಬೇಕು; ಒಳಗಿನ ಗಾಳಿ ಕಂಪಿಸದಿದ್ದರೆ ಅವುಗಳಿಗೆ ದನಿಯೇ ಇಲ್ಲ. ಆದರೆ ಈ ಹೊಸ ವಾದ್ಯಕ್ಕೆ ಟೊಳ್ಳು ಹೊಟ್ಟೆಯ ಅವಶ್ಯಕತೆಯೇ ಇರಲಿಲ್ಲ. ಇರಲಿಲ್ಲವೆಂಬುದಷ್ಟೇ ಅಲ್ಲ, ಇದ್ದರೆ ತೊಂದರೆ. ದನಿ ಜೋರಾದಾಗ ಧ್ವನಿಪೆಟ್ಟಿಗೆಯ ಶಬ್ದವೇ ಗಿಟಾರಿನ ಹೊಟ್ಟೆಯನ್ನು ಹೊಕ್ಕು ಅದು ಊಳಿಡತೊಡಗುತ್ತದೆ. ಮದುವೆಮನೆಯ ಮೈಕು ಇದ್ದಕ್ಕಿದ್ದಂತೆ ‘ಕುಂಯ್’ ಎನ್ನುವುದನ್ನು ಕೇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಪರಿಹಾರವೇನು? ಹೊಟ್ಟೆಯನ್ನೇ ತೆಗೆದುಹಾಕುವುದು. ಲೆಸ್ ಪಾಲ್ ಎಂಬ ಪ್ರಸಿದ್ಧ ವಾದಕ 1940ರ ಸುಮಾರಿಗೆ ಒಂದು ಚೌಕನೆಯ ಮರದ ತೊಲೆಗೆ ತಂತಿ ಬಿಗಿದು ನುಡಿಸಿದ. ನೋಡಿದವರು ನಗದಿರಲೆಂದು ತೊಲೆಯ ಎರಡು ಪಕ್ಕಕ್ಕೂ ಹಳೆಯ ಗಿಟಾರೊಂದನ್ನು ಸೀಳಿ ರೆಕ್ಕೆಯಂತೆ ಅಂಟಿಸಿದ. ಆ ರೆಕ್ಕೆಗಳು ಕಣ್ಣಿಗಾಗಿ ಇದ್ದವೇ ಹೊರತು ಕಿವಿಗಾಗಿ ಅಲ್ಲ. ಗಿಬ್ಸನ್ ಕಂಪನಿಯವರು ಮಾತ್ರ ಆ ಕಾಲಕ್ಕೆ ಅದಕ್ಕೆ ಸೊಪ್ಪು ಹಾಕಲಿಲ್ಲ.

ಸೊಪ್ಪು ಹಾಕುವಂತೆ ಮಾಡಿದವನು ಕ್ಯಾಲಿಫೋರ್ನಿಯಾದ ಫುಲರ್ಟನ್ ಪಟ್ಟಣದಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಲಿಯೋ ಫೆಂಡರ್. 1909ರಲ್ಲಿ ಹುಟ್ಟಿದ ಈತನಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲವೆಂಬುದು ವಿನೋದದ ಸಂಗತಿ. ಬಹುಶಃ ಅದೇ ಅವನ ಭಾಗ್ಯ. ಗಿಟಾರು ಹೀಗೆಯೇ ಇರಬೇಕೆಂಬ ಸಂಪ್ರದಾಯದ ಹೊರೆ ಅವನ ತಲೆಯ ಮೇಲೆ ಇರಲಿಲ್ಲ. 1950ರಲ್ಲಿ ಅವನು ತಂದ ಗಿಟಾರಿನ ಮೈ ಎಂದರೆ ಆಷ್ ಮರದ ಒಂದು ಹಲಗೆ. ದಂಡಿ ಎಂದರೆ ಮೇಪಲ್ ಮರದ ಒಂದು ಪಟ್ಟಿ. ಎರಡನ್ನೂ ಕೂಡಿಸಿದ್ದು ಅಂಟಿನಿಂದಲ್ಲ, ನಾಲ್ಕು ತಿರುಪು ಮೊಳೆಗಳಿಂದ! ಶಾಸ್ತ್ರೀಯ ಬಡಗಿಗಳು ಮೂಗು ಮುರಿದಿರಬೇಕು. ಆದರೆ ಊರೂರು ತಿರುಗಿ ನುಡಿಸುವವನಿಗೆ ದಂಡಿ ಕೆಟ್ಟರೆ ಅದನ್ನು ಬಿಚ್ಚಿ ಬೇರೊಂದನ್ನು ಕೂಡಿಸುವ ಸೌಕರ್ಯ ದೊರೆಯಿತು. ಮೊದಲು ಅದಕ್ಕೆ ‘ಬ್ರಾಡ್‌ಕಾಸ್ಟರ್’ ಎಂಬ ಹೆಸರಿತ್ತು. ನಗಾರಿಗಳಿಗೆ ಅದೇ ಬಗೆಯ ಹೆಸರಿಟ್ಟಿದ್ದ ಗ್ರೆಚ್ ಕಂಪನಿಯವರು ಆಕ್ಷೇಪಿಸಲಾಗಿ 1951ರಲ್ಲಿ ‘ಟೆಲಿಕಾಸ್ಟರ್’ ಎಂದಾಯಿತು. ಒಂದೇ ಪಿಕಪ್ಪಿನ ಅದರ ತಮ್ಮನಿಗೆ ‘ಎಸ್ಕ್ವೈರ್’ ಎಂದು ಹೆಸರು. ಟೆಲಿಕಾಸ್ಟರು ಜಗತ್ಪ್ರಸಿದ್ಧವಾಯಿತು, ಎಸ್ಕ್ವೈರು ಅಣ್ಣನ ನೆರಳಿನಲ್ಲಿಯೇ ಉಳಿಯಿತು.

ಫೆಂಡರನ ಹಲಗೆ ಭರದಿಂದ ಮಾರಾಟವಾಗುತ್ತಿದ್ದುದನ್ನು ಕಂಡು ಗಿಬ್ಸನ್ನಿನವರಿಗೆ ತೊಲೆಯ ನೆನಪಾಯಿತು. 1952ರಲ್ಲಿ ಅವರು ಲೆಸ್ ಪಾಲನ ಹೆಸರಿನಲ್ಲಿಯೇ ಒಂದು ಗಿಟಾರನ್ನು ತಂದರು. ಮಹಾಗನಿಯ ಮೈಯ ಮೇಲೆ ಮೇಪಲ್ ಮರದ ಉಬ್ಬು ಹೊದಿಕೆ, ಅದರ ಮೇಲೆ ಚಿನ್ನದ ಬಣ್ಣ, ಅಂಚಿಗೆ ಬಿಳಿಯ ಕಟ್ಟು, ಎರಡು ಪಿಕಪ್, ನಾಲ್ಕು ಗುಂಡಿ: ಸಾಲಂಕೃತ ಕನ್ಯಾದಾನದ ವಧುವಿನಂತೆ. ಎರಡು ವರ್ಷಗಳ ಮೇಲೆ, 1954ರಲ್ಲಿ, ಅದರ ಬಡ ತಂಗಿಯೊಬ್ಬಳು ಬಂದಳು. ಹೆಸರು ‘ಲೆಸ್ ಪಾಲ್ ಜೂನಿಯರ್’. ಬೆಲೆ ನೂರು ಡಾಲರಿಗೆ ಅರ್ಧ ಡಾಲರ್ ಕಡಿಮೆ. ಮೇಪಲ್ ಹೊದಿಕೆಯಿಲ್ಲ, ಉಬ್ಬಿಲ್ಲ, ಕಟ್ಟಿಲ್ಲ. ಮಹಾಗನಿಯ ಚಪ್ಪಟೆ ಹಲಗೆ; ಒಂದು ಪಿಕಪ್; ದನಿಗೆ ಒಂದು ಗುಂಡಿ, ನಾದದ ಬಣ್ಣಕ್ಕೆ ಒಂದು ಗುಂಡಿ. ಕುದುರೆಯೂ ತಂತಿ ಕಟ್ಟುವ ಪಟ್ಟಿಯೂ ಎರಡಲ್ಲ, ಒಂದೇ. ಪಟ್ಟಿಯಲ್ಲಿ ಅದನ್ನು ವಿದ್ಯಾರ್ಥಿಗಳ ವಾದ್ಯವೆಂದು ಸೇರಿಸಿದರು. ಬಡ ತಂಗಿ ಬಡವಳಾಗಿಯೇ ಮನೆ ತುಂಬಿದಳು. ಮಾರಾಟದಲ್ಲಿ ಮಾತ್ರ ಅಕ್ಕನನ್ನು ಹಿಂದಿಕ್ಕಿದಳು.

ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಜೂನಿಯರಿನಲ್ಲಿದ್ದ ಆ ಒಂದು ಪಿಕಪ್ಪು ಯಾವುದು? ‘ಪಿ-90’ ಎಂದು ಹೆಸರಾದದ್ದು. ಚಿನ್ನದ ಬಣ್ಣದ ಅಕ್ಕನಲ್ಲಿಯೂ 1957ರವರೆಗೆ ಇದ್ದದ್ದು ಅದೇ. ದಂಡಿಯ ಮರವೂ ಅದೇ, ತಂತಿಯ ಉದ್ದವೂ ಅದೇ, ಕಲಮಜೂ ಊರಿನ ಕಾರ್ಖಾನೆಯೂ ಅದೇ, ದಂಡಿಯನ್ನು ಮೈಗೆ ಅಂಟಿಸಿದ ಕೈಗಳೂ ಅದೇ ಕಾರ್ಖಾನೆಯವು. ಅಂದರೆ ಉಳಿತಾಯ ಮಾಡಿದ್ದು ಒಡವೆಯಲ್ಲಿ, ಒಡಲಿನಲ್ಲಿ ಅಲ್ಲ. ಅಗ್ಗದ ವಸ್ತುಗಳಲ್ಲಿ ಎರಡು ಬಗೆ: ಅನಗತ್ಯವನ್ನು ಬಿಟ್ಟು ಅಗ್ಗವಾದದ್ದು ಒಂದು, ಅಗತ್ಯವನ್ನೇ ಬಿಟ್ಟು ಅಗ್ಗವಾದದ್ದು ಇನ್ನೊಂದು. ಮೊದಲನೆಯದನ್ನು ಸರಳವೆನ್ನಬೇಕು; ಎರಡನೆಯದನ್ನು ಕಳಪೆಯೆನ್ನಬೇಕು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದರಿಂದಲೇ ಲೋಕದಲ್ಲಿ ಎಷ್ಟೋ ಅನ್ಯಾಯಗಳು ಆಗುತ್ತವೆ.

ಎರಡೇ ಗುಂಡಿಯ ವಾದ್ಯದಲ್ಲಿ ವೈವಿಧ್ಯವೆಲ್ಲಿಂದ ಬರಬೇಕೆಂದು ಕೆಲವರು ಕೇಳುತ್ತಾರೆ. ಬಲ್ಲ ವಾದಕ ಆಂಪ್ಲಿಫಯರನ್ನು ಗರ್ಜಿಸುವ ಮಟ್ಟಕ್ಕೆ ಇಟ್ಟು, ಗಿಟಾರಿನ ದನಿಯ ಗುಂಡಿಯನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿದರೆ ಗರ್ಜನೆ ಮಾತಾಗುತ್ತದೆ. ಇನ್ನೂ ತಿರುಗಿಸಿದರೆ ಪಿಸುಮಾತಾಗುತ್ತದೆ. ಇನ್ನೊಂದು ಗುಂಡಿ ಮೇಲಿನ ಚೂಪು ದನಿಯನ್ನು ಕತ್ತರಿಸಿ ಕಂಠವನ್ನು ದುಂಡಗಾಗಿಸುತ್ತದೆ. ಮೀಟುವ ಬೆರಳು ಕುದುರೆಯ ಬಳಿ ಬಂದರೆ ಒಂದು ಬಣ್ಣ, ದಂಡಿಯ ಕಡೆ ಸರಿದರೆ ಮತ್ತೊಂದು. ವೈಣಿಕರಿಗೆ ಇದೇನೂ ಹೊಸದಲ್ಲ. ಅವರ ವಾದ್ಯದಲ್ಲಿ ಗುಂಡಿಯೇ ಇಲ್ಲ. ಗುಂಡಿ ಕಡಿಮೆಯಾದಷ್ಟೂ ಕೆಲಸ ಬೆರಳಿಗೆ ಬೀಳುತ್ತದೆ. ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ಗುರು ಬೇರೆ ಬೇಕೆ?

1970ರಲ್ಲಿ ‘ಮೌಂಟನ್’ ಎಂಬ ವಾದ್ಯವೃಂದದ ಲೆಸ್ಲಿ ವೆಸ್ಟ್ ‘ಮಿಸಿಸಿಪ್ಪಿ ಕ್ವೀನ್’ ಎಂಬ ಹಾಡಿನಿಂದ ಹೆಸರಾದಾಗ ಅವನ ಕೈಯಲ್ಲಿ ಇದ್ದದ್ದು ಈ ಜೂನಿಯರೇ. ಆ ದಢೂತಿ ಆಸಾಮಿಯ ಎದೆಯ ಮೇಲೆ ಆಟಿಕೆಯಂತೆ ಕಾಣುತ್ತಿದ್ದ ಹಲಗೆಯಿಂದ ಹೊರಟ ದನಿ ಇಂದಿಗೂ ಗಿಟಾರು ಪ್ರಿಯರ ಮಾತಿನಲ್ಲಿದೆ. ಜಮೈಕಾದ ಬಾಬ್ ಮಾರ್ಲಿ ನುಡಿಸುತ್ತಿದ್ದುದು ಇದೇ ಹಲಗೆಗೆ ಎರಡನೆಯ ಪಿಕಪ್ಪನ್ನು ಸೇರಿಸಿದ ‘ಸ್ಪೆಷಲ್’ ಎಂಬ ಮಾದರಿಯನ್ನು. ಲೋಕದ ಮೂಲೆಮೂಲೆಯ ಗೋಡೆಗಳ ಮೇಲೆ ಅವನ ಚಿತ್ರವಿದೆ.

ಇನ್ನೂ ಒಂದು ಮೆಟ್ಟಿಲು ಕೆಳಗಿಳಿದರೆ ಕಥೆ ಮತ್ತಷ್ಟು ಸ್ವಾರಸ್ಯವಾಗುತ್ತದೆ. ನ್ಯೂ ಜರ್ಸಿಯಲ್ಲಿ ನೇಥನ್ ಡೇನಿಯಲ್ ಎಂಬಾತ ‘ಡೇನ್‌ಎಲೆಕ್ಟ್ರೋ’ ಎಂಬ ಕಾರ್ಖಾನೆಯನ್ನು ನಡೆಸುತ್ತಿದ್ದ. 1954ರಿಂದ ಅವನು ಗಿಟಾರುಗಳನ್ನು ಮಾಡತೊಡಗಿದ. ಒಳಗೆ ಮರದ ಚೌಕಟ್ಟು. ಅದರ ಮೇಲೂ ಕೆಳಗೂ ಮೆಸೊನೈಟ್ ಹಲಗೆ. ಎಂದರೆ ಮರದ ನಾರನ್ನು ಒತ್ತಿ ಮಾಡಿದ, ನಾವು ಹಾರ್ಡ್‌ಬೋರ್ಡ್ ಎಂದು ಕರೆಯುವ ಸಾಮಾನು. ಪಕ್ಕದ ಸಂದು ಕಾಣದಿರಲೆಂದು ಸುತ್ತಲೂ ಪ್ಲಾಸ್ಟಿಕ್ ಪಟ್ಟಿ. ಪಿಕಪ್ಪಿಗೆ ಲೋಹದ ಹೊದಿಕೆ ಬೇಕಾಯಿತು. ಹೊಸ ಅಚ್ಚು ಮಾಡಿಸಿದರೆ ದುಬಾರಿ. ಪುಣ್ಯಾತ್ಮ ಏನು ಮಾಡಿದನೆಂದು ಊಹಿಸಬಲ್ಲಿರಾ? ಹೆಂಗಸರು ತುಟಿಗೆ ಹಚ್ಚುವ ಲಿಪ್‌ಸ್ಟಿಕ್ಕಿನ ಕೊಳವೆಗಳನ್ನು ರಾಶಿಗಟ್ಟಲೆ ಕೊಂಡು ತಂದು, ಅಯಸ್ಕಾಂತವನ್ನೂ ತಾಮ್ರದ ಸುರುಳಿಯನ್ನೂ ಅವುಗಳೊಳಗೆ ತುರುಕಿದ! ಆ ಹೊಳಪಿನ ಕೊಳವೆಯಿಂದ ಹೊರಟ ನಾದವೋ, ಗಾಜಿನ ಬಳೆಯಂತೆ ಸ್ವಚ್ಛ. ಇಂದಿಗೂ ಅದನ್ನು ‘ಲಿಪ್‌ಸ್ಟಿಕ್ ಪಿಕಪ್’ ಎಂದೇ ಕರೆಯುತ್ತಾರೆ. ಸಿಯರ್ಸ್ ಎಂಬ ದೊಡ್ಡ ಅಂಗಡಿಯವರು ಈ ಗಿಟಾರುಗಳನ್ನು ‘ಸಿಲ್ವರ್‌ಟೋನ್’ ಎಂಬ ಹೆಸರಿನಲ್ಲಿ ಅಂಚೆಯ ಮೂಲಕವೂ ಮಾರಿದರು. 1960ರ ದಶಕದ ಮೊದಲಿನಲ್ಲಿ ಬಂದ ಒಂದು ಮಾದರಿಯಲ್ಲಿ ಗಿಟಾರಿನ ಪೆಟ್ಟಿಗೆಯೊಳಗೇ ಆಂಪ್ಲಿಫಯರನ್ನೂ ಧ್ವನಿಪೆಟ್ಟಿಗೆಯನ್ನೂ ಕೂಡಿಸಿದ್ದರು. ಹಳ್ಳಿಯ ಹುಡುಗ ಅಂಚೆಯಲ್ಲಿ ಬಂದ ಪೆಟ್ಟಿಗೆಯ ಮುಚ್ಚಳ ತೆರೆದರೆ ಸಾಕು, ಕಛೇರಿಗೆ ಸಿದ್ಧ.

ಇದೇ ಡೇನ್‌ಎಲೆಕ್ಟ್ರೋ ಕಾರ್ಖಾನೆಗೂ ನಮ್ಮ ದೇಶಕ್ಕೂ ಒಂದು ನಂಟುಂಟು. ಪಂಡಿತ ರವಿಶಂಕರರ ಸಿತಾರಿಗೆ ಪಶ್ಚಿಮದ ತರುಣರು ಮರುಳಾಗಿದ್ದ 1967ರಲ್ಲಿ, ಈ ಕಾರ್ಖಾನೆ ವಿನ್ಸೆಂಟ್ ಬೆಲ್ ಎಂಬ ವಾದಕನ ನೆರವಿನಿಂದ ‘ಕೋರಲ್’ ಎಂಬ ಹೆಸರಿನಲ್ಲಿ ವಿದ್ಯುತ್ ಸಿತಾರನ್ನು ಹೊರತಂದಿತು. ಹೆಸರು ಸಿತಾರಾದರೂ ಅದು ಗಿಟಾರೇ. ತಂಬೂರಿಯ ಕುದುರೆಗೂ ತಂತಿಗೂ ನಡುವೆ ನೂಲಿನ ಜೀವಾಳವನ್ನು ಸರಿಸಿದಾಗ ಝೇಂಕಾರ ಎದ್ದೇಳುವುದಷ್ಟೆ. ತಂತಿ ಅಗಲವಾದ ಕುದುರೆಯನ್ನು ಸವರುತ್ತ ಕಂಪಿಸುವುದೇ ಅದರ ಮರ್ಮ. ಅಂತಹ ಝೇಂಕಾರಕ್ಕಾಗಿ ಇದಕ್ಕೆ ಅಗಲವಾದ ಕುದುರೆಯನ್ನು ಕೂಡಿಸಿ, ಮೈಮೇಲೆ ಹದಿಮೂರು ತರಬಿನ ತಂತಿಗಳನ್ನು ಕಟ್ಟಿದ್ದರು. ಸಿತಾರು ಬಲ್ಲವರು ಅದನ್ನು ಸಿತಾರೆಂದು ಒಪ್ಪಲಾರರು. ಆದರೂ ಆ ಕಾಲದ ಎಷ್ಟೋ ಜನಪ್ರಿಯ ಹಾಡುಗಳಲ್ಲಿ ಅದರ ದನಿ ಸೇರಿಹೋಯಿತು.

ಇಂತಹ ಬಡ ಗಿಟಾರುಗಳು ಮಾಡಿದ ಉಪಕಾರವನ್ನು ಲೆಕ್ಕ ಹಾಕಿದವರಿಲ್ಲ. ಜಿಮಿ ಹೆಂಡ್ರಿಕ್ಸ್ ಎಂಬ ಹೆಸರನ್ನು ಕೇಳದ ಗಿಟಾರು ಪ್ರಿಯರಿಲ್ಲ. ಬಡತನದಲ್ಲಿ ಬೆಳೆದ ಆ ಕರಿಯ ಹುಡುಗನಿಗೆ 1959ರಲ್ಲಿ ಅವನ ತಂದೆ ಕೊಡಿಸಿದ ಮೊದಲ ವಿದ್ಯುತ್ ಗಿಟಾರು ‘ಸುಪ್ರೋ’ ಎಂಬ ಅಗ್ಗದ ಮಾದರಿ; ಅದು ಕಳುವಾದ ಮೇಲೆ ಕೈಗೆ ಬಂದದ್ದು ಒಂದು ಡೇನ್‌ಎಲೆಕ್ಟ್ರೋ. ಷಿಕಾಗೋದ ಹೌಂಡ್ ಡಾಗ್ ಟೇಲರ್ ಎಂಬ ಬ್ಲೂಸ್ ಗಾಯಕ ಜಪಾನಿನ ಅಗ್ಗದ ಗಿಟಾರನ್ನೇ ನೆಚ್ಚಿಕೊಂಡಿದ್ದ. ಅವನ ಗಾಯನವನ್ನು ಮುದ್ರಿಸಲೆಂದೇ 1971ರಲ್ಲಿ ‘ಅಲಿಗೇಟರ್’ ಎಂಬ ಧ್ವನಿಮುದ್ರಣ ಸಂಸ್ಥೆ ಹುಟ್ಟಿತು. ನಮ್ಮ ವಿಶ್ವಮೋಹನ ಭಟ್ಟರೊಡನೆ ನುಡಿಸಿ 1994ರಲ್ಲಿ ಗ್ರ್ಯಾಮಿ ಪ್ರಶಸ್ತಿಯನ್ನು ಹಂಚಿಕೊಂಡ ರೈ ಕೂಡರ್, ತನ್ನ ವಿದ್ಯುತ್ ಗಿಟಾರಿಗೆ ಅಂತಹುದೇ ಒಂದು ಜಪಾನೀ ಅಗ್ಗದ ಗಿಟಾರಿನ ಪಿಕಪ್ಪನ್ನು ಕಿತ್ತು ಹಾಕಿಕೊಂಡ. ಅವನ ಕಿವಿ ಬೆಲೆಚೀಟಿಯನ್ನು ಓದಲಿಲ್ಲ.

ಹಾಗಾದರೆ ಇವುಗಳಿಗೆ ಮಾನ್ಯತೆ ಏಕೆ ಬರಲಿಲ್ಲ? ‘ವಿದ್ಯಾರ್ಥಿಗಳಿಗಾಗಿ’ ಎಂಬ ಒಂದು ಮಾತು ಸಾಕಾಯಿತು. ಗಿಬ್ಸನ್ನಿನವರು 1959ರಲ್ಲಿ ತಂದ ‘ಮೆಲೊಡಿ ಮೇಕರ್’ ಎಂಬುದು ಜೂನಿಯರಿಗಿಂತಲೂ ತೆಳುವಾದ ಹಲಗೆ, ಅದಕ್ಕೊಂದು ಸಣ್ಣ ಪಿಕಪ್ಪು. ಫೆಂಡರನ ‘ಮ್ಯೂಸಿಕ್‌ಮಾಸ್ಟರ್’ 1956ರಲ್ಲಿ ಸಣ್ಣ ಕೈಗಳಿಗೆಂದು ತಂತಿಯ ಉದ್ದವನ್ನು ಮೊಟಕುಗೊಳಿಸಿ ಮಾಡಿದ್ದು. ಕೊಂಡ ಹುಡುಗರು ದೊಡ್ಡವರಾದ ಮೇಲೆ ಇವುಗಳನ್ನು ಗೌರವಿಸಲಿಲ್ಲ. ಮೈ ಕೊರೆದು ದೊಡ್ಡ ಪಿಕಪ್ಪುಗಳನ್ನು ತುರುಕಿದರು, ಬಣ್ಣ ಕೆರೆದರು, ಬಿರಡೆ ಕಿತ್ತರು. ಜೋನ್ ಜೆಟ್ ಎಂಬಾಕೆ ಬಹುಕಾಲ ನುಡಿಸಿ ಹೆಸರು ಮಾಡಿದ ಬಿಳಿಯ ಮೆಲೊಡಿ ಮೇಕರಿನ ಪಿಕಪ್ಪೂ ಬದಲಾದದ್ದೇ. ಹುಟ್ಟಿದ ಹಾಗೆಯೇ ಉಳಿದ ವಾದ್ಯ ಇಂದು ಸಿಕ್ಕರೆ ಅಪರೂಪ.

ಇತ್ತ ಅಲಂಕೃತ ಅಕ್ಕನ ಭಾಗ್ಯ ಬೇರೆಯಾಯಿತು. 1958ರಿಂದ 1960ರವರೆಗೆ ಎರಡು ಸಾವಿರಕ್ಕೂ ಕಡಿಮೆ ಸಂಖ್ಯೆಯಲ್ಲಿ ತಯಾರಾದ, ಸೂರ್ಯಾಸ್ತದ ಬಣ್ಣದ ಲೆಸ್ ಪಾಲ್ ಗಿಟಾರುಗಳಿಗೆ ಈಗ ಲಕ್ಷಾಂತರ ಡಾಲರ್ ಬೆಲೆ. ಅಷ್ಟು ಬೆಲೆ ಕೊಟ್ಟವನು ಅದನ್ನು ಕಛೇರಿಗೆ ಕೊಂಡೊಯ್ಯಲು ಹೆದರುತ್ತಾನೆ. ಜೂನಿಯರಿಗೂ ಈಗ ಅಭಿಮಾನಿಗಳು ಹುಟ್ಟಿಕೊಂಡಿದ್ದಾರೆ. ಅವಳ ಬೆಲೆಯೂ ಸಾವಿರಾರು ಡಾಲರಿಗೆ ಏರಿದೆ. ಸಂತೋಷಪಡಬೇಕೋ ಮರುಗಬೇಕೋ ತಿಳಿಯದು. ಬಡ ಹುಡುಗನ ಕೈಗೆಂದು ಹುಟ್ಟಿದ ವಾದ್ಯವನ್ನು ನಾವು ಮೆಚ್ಚಿ ಮೆಚ್ಚಿ, ಕಡೆಗೆ ಬಡ ಹುಡುಗನ ಕೈಗೆ ಸಿಗದಂತೆ ಮಾಡುವುದಾದರೆ ಅಂತಹ ಮೆಚ್ಚುಗೆಯಿಂದ ಯಾರಿಗೆ ಲಾಭ? ರಸಿಕತೆಗೂ ಸಂಗ್ರಹದ ಹುಚ್ಚಿಗೂ ನಡುವಣ ಗೆರೆ ಬಹು ತೆಳ್ಳಗಿನದು. ರಸಿಕ ವಸ್ತುವಿನಿಂದ ಹೊರಡುವುದನ್ನು ಬಯಸುತ್ತಾನೆ. ಸಂಗ್ರಾಹಕ ವಸ್ತುವನ್ನು ಬಯಸುತ್ತಾನೆ.

ಹಳೆಯದೆಲ್ಲ ಹೊನ್ನು, ಅಗ್ಗದ್ದೆಲ್ಲ ಅಮೃತ ಎಂದು ಇದರಿಂದ ಯಾರೂ ತಿಳಿಯಬಾರದು. ಆ ಕಾಲದ ಅಗ್ಗದ ಗಿಟಾರುಗಳಲ್ಲಿ ಬೆರಳು ನೋಯಿಸುವಂತಹವು, ಶ್ರುತಿ ನಿಲ್ಲದಂತಹವು ಬೇಕಾದಷ್ಟಿದ್ದವು. ಪಿ-90ರಂತಹ ಒಂಟಿ ಸುರುಳಿಯ ಪಿಕಪ್ಪುಗಳಿಗೆ ಮನೆಯ ವಿದ್ಯುತ್ತಿನ ಗುಂಯ್‌ಗುಟ್ಟುವಿಕೆಯನ್ನು ಹಿಡಿಯುವ ಚಾಳಿಯುಂಟು. ಹಳೆಯದಾಗಲಿ ಹೊಸದಾಗಲಿ, ಗಿಟಾರನ್ನು ಕೊಳ್ಳುವವರು ನೋಡಬೇಕಾದದ್ದು ಕೆಲವೇ ಸಂಗತಿಗಳನ್ನು. ದಂಡಿ ನೆಟ್ಟಗಿದೆಯೇ? ತಂತಿ ಮೆಟ್ಟಿಲುಗಳಿಂದ ಬಹಳ ಮೇಲೆ ನಿಂತಿಲ್ಲವಷ್ಟೆ? ಮೆಟ್ಟಿಲುಗಳು ಸವೆದು ಹಳ್ಳ ಬಿದ್ದಿಲ್ಲವಷ್ಟೆ? ಬಿರಡೆ ತಿರುಗಿಸಿದಲ್ಲಿ ನಿಲ್ಲುತ್ತದೆಯೇ? ಹನ್ನೆರಡನೆಯ ಮೆಟ್ಟಿಲಿನಲ್ಲಿ ಒತ್ತಿದ ಸ್ವರ ಬಿಟ್ಟ ತಂತಿಯ ಸ್ವರಕ್ಕೆ ಸರಿಯಾಗಿ ಮೇಲಿನ ಸ್ಥಾಯಿಯದಾಗಿದೆಯೇ? ಇವಿಷ್ಟು ಸರಿಯಿದ್ದರೆ ಮಿಕ್ಕದ್ದು ಬಣ್ಣ.

ಈ ಗಿಟಾರುಗಳಿಗೂ ನಮ್ಮ ಕಾಡುಗಳಿಗೂ ಇರುವ ಸಂಬಂಧವನ್ನು ಹೇಳದಿದ್ದರೆ ಮಾತು ಪೂರ್ಣವಾಗದು. ಬೆರಳಾಡುವ ಪಟ್ಟಿಗೆ ಅಮೆರಿಕಾದವರು ಮೊದಲು ಬ್ರೆಜಿಲ್ ದೇಶದ ರೋಸ್‌ವುಡ್ಡನ್ನು ಬಳಸುತ್ತಿದ್ದರು. ಅದು ದುರ್ಲಭವಾಗುತ್ತ ಬಂದಂತೆ 1960ರ ದಶಕದಲ್ಲಿ ಅವರ ದೃಷ್ಟಿ ಭಾರತದ ರೋಸ್‌ವುಡ್ಡಿನ ಮೇಲೆ ಬಿತ್ತು. ಅದು ಬೇರೆ ಯಾವುದೂ ಅಲ್ಲ, ಕೊಡಗು ಮಲೆನಾಡುಗಳಲ್ಲಿ ಬೆಳೆಯುವ ನಮ್ಮ ಬೀಟೆ. ಅಜ್ಜನ ಮನೆಯ ಮಂಚಕ್ಕೂ ದೂರದೇಶದ ಗಿಟಾರಿನ ಬೆರಳುಪಟ್ಟಿಗೂ ಒಂದೇ ಮರ! 2017ರಲ್ಲಿ ಈ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಟ್ಟುಪಾಡು ಬಂತು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ದೊರೆಯಿತು. ಮರ ಬೆಳೆಯಲು ತಲೆಮಾರುಗಳು ಬೇಕು. ಆದ್ದರಿಂದ ಹಳೆಯ ಗಿಟಾರೊಂದನ್ನು ಎಸೆಯದೆ ರಿಪೇರಿ ಮಾಡಿಸುವವನು ಹಣವನ್ನಷ್ಟೇ ಅಲ್ಲ, ಮರವನ್ನೂ ಉಳಿಸುತ್ತಾನೆ. ನಾಲ್ಕು ತಿರುಪು ಮೊಳೆಗಳ ಸರಳ ರಚನೆ ಇಲ್ಲಿ ನೆರವಿಗೆ ಬರುತ್ತದೆ; ಬಿಚ್ಚಲು ಬರುವುದನ್ನು ಸರಿಪಡಿಸಲೂ ಬರುತ್ತದೆ.

ಮಗನೋ ಮಗಳೋ ಗಿಟಾರು ಬೇಕೆಂದು ಹಟ ಹಿಡಿದಾಗ ತಂದೆತಾಯಿಗಳಲ್ಲಿ ಎರಡು ಬಗೆಯವರನ್ನು ಕಂಡಿದ್ದೇನೆ. ಕೆಲವರು ಸಾಲ ಮಾಡಿಯಾದರೂ ಅತ್ಯಂತ ಬೆಲೆಯುಳ್ಳದ್ದನ್ನು ತಂದು, ಗೀರು ಬಿದ್ದೀತೆಂದು ಮುಟ್ಟಗೊಡುವುದಿಲ್ಲ. ಕೆಲವರು, ಒಳ್ಳೆಯದನ್ನು ಕೊಡಿಸುವ ಶಕ್ತಿ ನಮಗಿಲ್ಲವೆಂದು ಆ ಮಾತನ್ನೇ ಮುಗಿಸಿಬಿಡುತ್ತಾರೆ. ಇಬ್ಬರ ಮನೆಯಲ್ಲಿಯೂ ಸಂಗೀತ ಹುಟ್ಟುವುದಿಲ್ಲ. ಇವೆರಡರ ನಡುವೆ ಒಂದು ದಾರಿಯಿದೆಯೆಂದು ತೋರಿಸಿಕೊಟ್ಟವು, ಎಪ್ಪತ್ತು ವರ್ಷಗಳ ಹಿಂದಿನ ಆ ಹಲಗೆಗಳು. ಒಂದು ಪಿಕಪ್ಪು, ಎರಡು ಗುಂಡಿ, ಆರು ತಂತಿ, ಶ್ರುತಿ ನಿಲ್ಲುವ ಬಿರಡೆ. ಕಲಿಯಲು ತೊಡಗುವವರಿಗೆ ಇಷ್ಟು ಧಾರಾಳವಾಗಿ ಸಾಕು. ಗೀರು ಬಿದ್ದರೆ ಬೀಳಲಿ. ದಿನವೂ ನುಡಿಸಿದ ವಾದ್ಯಕ್ಕೆ ಗೀರು ಬೀಳದಿದ್ದೀತೆ?